ಅವ್ವ ಬಡಿದು ನೋಡಿದ ಹೆಂಚು

ಕಳೆದ ಭಾನುವಾರ ಹುಣಸೂರಿನ ಹೊಸ ಪಾರ್ಕಿನಲ್ಲಿ ವಾಚ್‌ಮನ್ ನಮ್ಮವ್ವನ ಕಡೆ ನೋಡಿ ಜೋರಾಗಿ ಸೀಟಿ ಊದಿದ. ಎಪ್ಪತ್ತು ದಾಟಿದ ಹೆಂಗಸು ಮಾಡಿದ ಅಪರಾಧವಾದರೂ ಏನು? ಒಂದು ಹೆಂಚನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿದ್ದು!

ಮೊದಲಿಂದ ಹೇಳುತ್ತೇನೆ. ಲಕ್ಷ್ಮಣತೀರ್ಥ ಹೊಳೆಯ ದಂಡೆಯಲ್ಲಿ ಒಂದು ಹೆಂಚಿನ ಕಾರ್ಖಾನೆ ಇತ್ತು. ಅದು ಮುಚ್ಚಿದ ಮೇಲೆ ಬರೀ ಮುಳ್ಳು, ಲಂಟಾನ, ಒಡೆದ ಬಾಟಲಿ. ಹಗಲಲ್ಲೂ ಆ ಕಡೆ ಯಾರೂ ಸುಳಿಯುತ್ತಿರಲಿಲ್ಲ. ಈಗ ನೋಡಿ, ಹೊಂಗೆ ಮರಗಳ ಕೆಳಗೆ ವಾಕಿಂಗ್ ಪಾತ್, ಹೊಳೆ ನೋಡುತ್ತ ಕೂರಲು ಕಲ್ಲು ಬೆಂಚು, ಮಕ್ಕಳಿಗೆ ಜಾರುಬಂಡೆ. ಹಳೇ ಭಟ್ಟಿಯ ಚಿಮಣಿಯನ್ನೂ ಕೆಡವದೆ ಉಳಿಸಿದ್ದಾರೆ. (ಮಾಡಿದವರ ಹೊಟ್ಟೆ ತಣ್ಣಗಿರಲಿ. ಹೊಗಳುವ ಅವಕಾಶ ಈ ಅಂಕಣಕ್ಕೆ ಸಿಗುವುದೇ ಅಪರೂಪ.)

ಆ ಕಾರ್ಖಾನೆಯಲ್ಲಿ ನಮ್ಮವ್ವ ಹದಿನೆಂಟು ವರ್ಷ ದುಡಿದಿದ್ದಳು. ಭಟ್ಟಿಯಿಂದ ಬಂದ ಒಂದೊಂದು ಹೆಂಚನ್ನೂ ಗೆಣ್ಣಿನಿಂದ ಬಡಿಯಬೇಕು. 'ಟಣ್' ಅಂದರೆ ಲಾರಿಗೆ. 'ದಪ್' ಅಂದರೆ ಒಳಗೆಲ್ಲೋ ಒಡಕಿದೆ, ಪಕ್ಕಕ್ಕೆ. ಕಣ್ಣಿಗೆ ಕಾಣದ ಒಡಕು ಅವಳ ಕಿವಿಗೆ ಕೇಳುತ್ತಿತ್ತು. ಇವತ್ತಿಗೂ ಬಡಿದು ನೋಡದೆ ಅವಳು ಒಂದು ಕಾಫಿ ಕಪ್ ಕೊಳ್ಳುವುದಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಅವಳ ಜೊತೆ ನಾನು ಪಡುವ ಪಾಡು ದೇವರಿಗೇ ಪ್ರೀತಿ.

ಇನ್ನೊಂದು ವಿಷಯವಿದೆ. ಕಳೆದ ಭಾನುವಾರದವರೆಗೆ ಯಾರಿಗೂ ಹೇಳಿರಲಿಲ್ಲ, ಈಗ ನಿಮಗೂ ಹೇಳುತ್ತೇನೆ.

ಆಗ ನಾನು ಒಂಬತ್ತನೇ ಕ್ಲಾಸು. ಊಟದ ಡಬ್ಬಿ ಮರೆತು ಹೋಗಿದ್ದೆ. ಅವ್ವ ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಓಡಿ, ಡಬ್ಬಿ ಹಿಡಿದು ಸ್ಕೂಲ್ ಗೇಟಿಗೆ ಬಂದಿದ್ದಳು. ಸೀರೆ, ಕೂದಲು, ಹುಬ್ಬು ಎಲ್ಲ ಕೆಂಪು ಧೂಳು. "ಯಾರೇ ಅದು?" ಅಂದಳು ಗೆಳತಿ ಸುನಂದಾ. "ಯಾರೋ ನಮ್ಮೂರ ಕಡೆಯೋರು" ಅಂದುಬಿಟ್ಟೆ. ಅವ್ವ ಅಷ್ಟರಲ್ಲಿ ಡಬ್ಬಿ ಕೊಟ್ಟು ತಿರುಗಿ ಹೊರಟಿದ್ದಳು. ಅವಳಿಗೆ ಕೇಳಿಸಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೇಳಿಸಿತಾ ಅಂತ ವಿಚಾರಿಸುವ ಧೈರ್ಯ ಮುಂದೆಂದೂ ಬರಲಿಲ್ಲ. (ನಿಮಗೆ ಬರುತ್ತಿತ್ತಾ?)

ಆ ಸುನಂದಾ ಈಗ ಟೀಚರ್. ಮೊನ್ನೆ ಮೊನ್ನೆ ಹುಣಸೂರಿಗೇ ವರ್ಗವಾಗಿ ಬಂದಿದ್ದಾಳೆ. "ಭಾನುವಾರ ಪಾರ್ಕಲ್ಲಿ ಸಿಗೋಣ ಬಾರೇ" ಎಂದು ಫೋನ್ ಮಾಡಿದಳು. "ನಾನೂ ಬತ್ತೀನಿ ಕಣ್ ಮಗ, ಒಂದ್ಸಲ ನೋಡ್ಬೇಕು" ಎಂದು ಅವ್ವನೂ ಹೊರಟಳು.

ಹೊಳೆಯ ಪಕ್ಕದ ಮಂಟಪಕ್ಕೆ ಆ ಹಳೇ ಕಾರ್ಖಾನೆಯ ಹೆಂಚನ್ನೇ ಹೊದಿಸುವ ತಯಾರಿ ನಡೆದಿತ್ತು. ಕೆಳಗೆ ಹೆಂಚಿನ ರಾಶಿ. ಅವ್ವನ ಕೈ ಸುಮ್ಮನಿರುತ್ತದೆಯೇ? ಟಣ್. ಟಣ್. ದಪ್. ಸೀಟಿ ಬಿದ್ದದ್ದು ಆಗಲೇ.

"ಮುಟ್ಬ್ಯಾಡಿ ಕಣಜ್ಜಿ" ಎಂದು ವಾಚ್‌ಮನ್ ಓಡಿ ಬಂದ.

"ಮುಟ್ಟದೆ ಎಂಗಪ್ಪ ಗೊತ್ತಾಯ್ತದೆ? ಈ ಎಂಚು ಸೋರ್ತದೆ. ಇದೂವೆ."

"ನೋಡಕ್ಕೆ ಚೆನ್ನಾಗೇ ಅದಲ್ಲಜ್ಜಿ?"

"ನೋಡಕ್ಕೆ ನೀನೂ ಚೆನ್ನಾಗೇ ಇದ್ದೀಯ ಬುಡು. ನೀರು ಉಯ್ದು ನೋಡು."

ಬಾಟಲಿಯಿಂದ ನೀರು ಹೊಯ್ದ. ಹೆಂಚಿನ ಅಡಿಯಲ್ಲಿ ತೊಟ್ಟು ತೊಟ್ಟಾಗಿ ಜಿನುಗಿತು. ಮಹಾಶಯ ಹೋಗಿ ತನ್ನ ಕುರ್ಚಿಯನ್ನೇ ತಂದು ಹಾಕಿದ. "ಕೂತ್ಕಳಿ ಕಣವ್ವ. ಎಲ್ಲಾನೂ ಒಂದ್ಸಲ ನೋಡ್ಬುಡಿ."

ಅರ್ಧ ಗಂಟೆಯಲ್ಲಿ ಅವ್ವನ ಸೀರೆ, ಮೊಣಕೈ, ಹುಬ್ಬು ಎಲ್ಲ ಕೆಂಪು. ಅವತ್ತು ಸ್ಕೂಲ್ ಗೇಟಿನಲ್ಲಿ ನಿಂತಿದ್ದ ಹಾಗೇ. ನನ್ನ ಸ್ಕೂಲು, ಕಾಲೇಜು, ವಾರಕ್ಕೊಮ್ಮೆ ನಿಮ್ಮೆದುರು ಹರಟುವ ಈ ನಾಲ್ಕು ಅಕ್ಷರ, ಎಲ್ಲ ಬಂದದ್ದು ಆ ಗೆಣ್ಣುಗಳಿಂದ. ಒಂದು ದಿನವಾದರೂ ಬಾಯಿಬಿಟ್ಟು ಹೇಳಿದ್ದೆನೇ?

ಅಷ್ಟರಲ್ಲಿ ಸುನಂದಾ ಬಂದಳು. ತಬ್ಬಿಕೊಂಡೆವು. ನಕ್ಕೆವು. ಆಮೇಲೆ ಅವಳು ಹೆಂಚಿನ ರಾಶಿಯ ಕಡೆ ನೋಡಿದಳು.

"ಯಾರೇ ಅದು? ಇಲ್ಲಿ ಕೆಲಸದೋರಾ?"

ಅದೇ ಪ್ರಶ್ನೆ! ಫೇಲಾದವಳಿಗೆ ಇಷ್ಟು ವರ್ಷದ ಮೇಲೆ ಸಪ್ಲಿಮೆಂಟರಿ ಪರೀಕ್ಷೆ.

"ನಮ್ಮವ್ವ" ಅಂದೆ. ದನಿ ಎಷ್ಟು ಜೋರಾಯಿತೆಂದರೆ ವಾಕಿಂಗ್ ಮಾಡುತ್ತಿದ್ದವರೂ ತಿರುಗಿ ನೋಡಿದರು. "ಇದೇ ಕಾರ್ಖಾನೇಲಿ ಹೆಂಚು ಬಡಿದು ನನ್ನನ್ನ ಓದಿಸಿದೋಳು. ಅವತ್ತು ಸ್ಕೂಲ್ ಗೇಟಿಗೆ ಡಬ್ಬಿ ತಂದಿದ್ದೂ ಇವಳೇ ಕಣೇ. ನಾನು ನಿಂಗೆ ಸುಳ್ಳು ಹೇಳಿದ್ದೆ."

ಸುನಂದಾಗೆ ಗೇಟೂ ನೆನಪಿಲ್ಲ, ಡಬ್ಬಿಯೂ ನೆನಪಿಲ್ಲ. ಆದರೂ ಚಪ್ಪಲಿ ಬಿಟ್ಟು ಹೋಗಿ ಅವ್ವನ ಕಾಲು ಮುಟ್ಟಿದಳು. ಪುಣ್ಯಾತ್ಗಿತ್ತಿ.

ಅವ್ವ ಕೈಯಲ್ಲಿದ್ದ ಹೆಂಚನ್ನು ಕೆಳಗಿಟ್ಟಳು. ನನ್ನನ್ನು ಹತ್ತಿರ ಕರೆದು ಬಗ್ಗಿಸಿ, ಗೆಣ್ಣಿನಿಂದ ನೆತ್ತಿಗೆ ಒಮ್ಮೆ ಮೊಟಕಿದಳು.

"ಈಗ ಸರ್ಯಾಗಿ ಸದ್ದು ಬತ್ತಾದೆ ಕಣ್ ಮಗ" ಅಂದಳು.

ಕಣ್ಣಿಗೆ ಕಾಣದ ಒಡಕನ್ನೂ ಹಿಡಿಯುವ ಆ ಕಿವಿಗೆ, ಅವತ್ತು ಗೇಟಿನ ಹತ್ತಿರ ನಾನಾಡಿದ ಮಾತು ಕೇಳಿಸಿರಲಿಲ್ಲ ಅಂತ ಇಷ್ಟು ವರ್ಷ ನಂಬಿಕೊಂಡಿದ್ದೆನಲ್ಲ, ಏನು ಹೇಳಬೇಕು ನನ್ನ ಬುದ್ಧಿಗೆ?