ಭಾವನ ಪೆನ್ನಿನ ಹೊಟ್ಟೆ

ನನ್ನ ಬೆರಳು ನೋಡಿದವರು ನನಗೇನೋ ಚರ್ಮದ ಕಾಯಿಲೆ ಅಂದುಕೊಳ್ಳುತ್ತಾರೆ. ಕಾಯಿಲೆಯಲ್ಲ, ಇಂಕು. ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ನನ್ನ ಓರಗೆಯವರೆಲ್ಲ ಬೆಳಿಗ್ಗೆ ಕಪಿಲೆಯ ದಂಡೆಯಲ್ಲಿ ಕೈ ಬೀಸಿಕೊಂಡು ನಡೆದು, ಕೊನೆಗೆ ಒಂದು ಕಟ್ಟೆಯ ಮೇಲೆ ಕೂತು, ಯಾರ ಸಕ್ಕರೆ ಕಾಯಿಲೆ ಯಾರದಕ್ಕಿಂತ ದೊಡ್ಡದು ಎಂದು ಹೆಮ್ಮೆಪಡುತ್ತಾರೆ. ನನಗೆ ಆ ಭಾಗ್ಯ ಇಲ್ಲ. ಹಾಗಾಗಿ ನಾನು ಅಗ್ಗದ ಫೌಂಟನ್ ಪೆನ್ನುಗಳ ಹೊಟ್ಟೆ ದೊಡ್ಡದು ಮಾಡುವ ಕೆಲಸ ಹಿಡಿದೆ. ನಂಜನಗೂಡಿನಲ್ಲಿ ಈ ವಿದ್ಯೆ ಬಲ್ಲವನು ನಾನೊಬ್ಬನೇ. ಇನ್ನೊಬ್ಬ ಇದ್ದರೆ ನನ್ನಿಂದಲೇ ಕಲಿತಿರಬೇಕು, ಅದೂ ಅರೆಬರೆ ಕಲಿತಿರಬೇಕು.

ವಿದ್ಯೆ ಇಷ್ಟೇ. ಈಗಿನ ಅಗ್ಗದ ಪೆನ್ನಿನೊಳಗೆ ಇಂಕು ಹೀರಲು ಒಂದು ಸಣ್ಣ ತಿರುಪಿನ ನಳಿಕೆ ಇಟ್ಟಿರುತ್ತಾರೆ. ಪೆನ್ನಿನ ಒಡಲು ನೋಡಿದರೆ ಕಲ್ಯಾಣ ಮಂಟಪ, ಒಳಗೆ ಪಂಕ್ತಿಗೆ ಕೂರಿಸುವುದು ನಾಲ್ಕೇ ಜನರನ್ನು. ನಾನು ಆ ನಳಿಕೆಯನ್ನು ಕಿತ್ತು ಬಿಸಾಕುತ್ತೇನೆ. ನಿಬ್ಬಿನ ಭಾಗ ಒಡಲಿಗೆ ಕೂಡುವ ಕಡೆ ನಲ್ಲಿ ರಿಪೇರಿಯವನ ಹತ್ತಿರ ಸಿಗುವ ಸಣ್ಣ ರಬ್ಬರ್ ರಿಂಗು ತೊಡಿಸಿ, ಸಿಲಿಕಾನ್ ಗ್ರೀಸು ಸವರಿ, ಒಡಲ ತಳದಲ್ಲಿ ತೂತಿದ್ದರೆ ಅಂಟು ಹಾಕಿ ಮುಚ್ಚಿ, ಸಿರಿಂಜಿನಲ್ಲಿ ಇಂಕನ್ನು ನೇರವಾಗಿ ಒಡಲಿಗೇ ಸುರಿಯುತ್ತೇನೆ. ಮೊದಲು ಒಂದು ಗುಟುಕು ಹಿಡಿಯುತ್ತಿದ್ದ ಪೆನ್ನು ಈಗ ಒಂದು ಲೋಟ ಕುಡಿದವನ ಹಾಗೆ ಮಾತು ನಿಲ್ಲಿಸುವುದೇ ಇಲ್ಲ.

ಈ ಪೆನ್ನಿಗೆ ಒಂದೇ ಒಂದು ದುರ್ಗುಣ. ತುಂಬಿರುವ ತನಕ ಸಾಧು. ಅರ್ಧಕ್ಕೆ ಇಳಿಯಿತೋ, ಒಳಗೆ ಗಾಳಿ ಸೇರಿಕೊಳ್ಳುತ್ತದೆ. ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಇಂಕನ್ನು ಹೊರಕ್ಕೆ ದಬ್ಬುತ್ತದೆ, ನಿಬ್ಬಿನಿಂದ ಒಂದು ದಪ್ಪ ಹನಿ ತೊಟಕ್ಕನೆ ಬೀಳುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಅದಕ್ಕೇ ಅರ್ಧಕ್ಕೆ ಇಳಿಯುವ ಮುಂಚೆ ಮತ್ತೆ ತುಂಬಿಸಬೇಕು. ಬೇರೆಯವರು ಇದನ್ನು ದೋಷ ಅನ್ನುತ್ತಾರೆ. ನಾನು ಸೌಲಭ್ಯ ಅನ್ನುತ್ತೇನೆ.

ಏಕೆಂದರೆ ಬ್ಯಾಂಕಿನಲ್ಲಿ ಒಬ್ಬ ಮಹಾನುಭಾವರಿದ್ದರು. ಚಲನ್ ತುಂಬಲು ಕಂಡಕಂಡವರ ಪೆನ್ನು ಕೇಳುವುದು, ಬರೆದ ಮೇಲೆ ಏನೋ ದೊಡ್ಡ ಯೋಚನೆಯಲ್ಲಿ ಮುಳುಗಿದವರಂತೆ ಅದನ್ನು ತಮ್ಮ ಜೇಬಿಗೇ ಸಿಕ್ಕಿಸಿಕೊಂಡು ಹೊರಡುವುದು ಅವರ ಪದ್ಧತಿ. ಒಂದು ದಿನ ನಾನೇ ಮುಂದೆ ಹೋಗಿ, ವಿನಯದಿಂದ, ಅರ್ಧ ತುಂಬಿದ ಪೆನ್ನು ಕೊಟ್ಟೆ. ಜೇಬಿನ ಬಿಸಿ, ಹದಿನಾರು ಗ್ರಾಮಕ್ಕೆ ಹೋಗುವ ಬಸ್ಸಿನ ಕುಲುಕು, ಎರಡೂ ಸೇರಿ ತಮ್ಮ ಕೆಲಸ ಮಾಡಿದವು. ಮರುವಾರದಿಂದ ಅವರು ತಮ್ಮದೇ ಪೆನ್ನು ತರುತ್ತಿದ್ದಾರೆ. ಒಬ್ಬ ಮನುಷ್ಯನನ್ನು ತಿದ್ದುವುದು ಇಷ್ಟು ಸುಲಭ ಎಂದು ಮೇಷ್ಟ್ರುಗಳಿಗೆ ಗೊತ್ತಿದ್ದರೆ ಬೆತ್ತ ಮುಟ್ಟುತ್ತಿರಲಿಲ್ಲ.

ಇಂಥ ಲೋಕೋಪಕಾರವನ್ನು ಒಪ್ಪದವರು ಒಬ್ಬರೇ, ನನ್ನ ಅಕ್ಕನ ಗಂಡ. ಟಿ. ನರಸೀಪುರದಲ್ಲಿ ಭತ್ತದ ವ್ಯಾಪಾರ ಮಾಡಿ ಈಗ ಮನೆಯಲ್ಲಿರುವ ಭಾವ. ಅವರ ಅಕ್ಷರ ಬಹಳ ಚೆನ್ನಾಗಿದೆ. ಇದನ್ನು ನಾನು ಹೇಳಬೇಕಾಗಿಲ್ಲ, ಅವರೇ ಹೇಳುತ್ತಾರೆ. ನಮ್ಮ ನೆಂಟರಲ್ಲಿ ಯಾರ ಮನೆಯ ಮದುವೆ ನಿಶ್ಚಯವಾದರೂ ಲಗ್ನಪತ್ರಿಕೆ ಬರೆಯುವುದು ಅವರೇ. ಪಂಚಾಂಗ ನೋಡಿ ಅಯ್ಯನವರು ಹೇಳುತ್ತಾ ಹೋಗಬೇಕು, ಭಾವ ಬರೆಯುತ್ತಾ ಹೋಗಬೇಕು. ಒಂದು ಪ್ರತಿ ಹೆಣ್ಣಿನ ಕಡೆಗೆ, ಒಂದು ಗಂಡಿನ ಕಡೆಗೆ. ಮೇಲೆ ‘ಶ್ರೀ’ ಬರೆದ ಪೆನ್ನೇ ಎರಡನೇ ಪ್ರತಿಯ ಕೊನೆಗೆ ‘ಶುಭಂ’ ಬರೆಯಬೇಕು, ನಡುವೆ ಪೆನ್ನು ಬದಲಿಸಬಾರದು, ಇಂಕು ತುಂಬಬಾರದು ಎಂಬುದು ಮನೆತನದ ಕಟ್ಟಳೆ. ಹಿಂದೆ ಯಾವುದೋ ಮದುವೆಯಲ್ಲಿ ನಡುವೆ ಪೆನ್ನು ಬದಲಿಸಿ, ಗಂಡ ಹೆಂಡತಿ ಜೀವಮಾನವೆಲ್ಲ ಜಗಳವಾಡಿದರಂತೆ. ಪೆನ್ನು ಬದಲಿಸದ ಮದುವೆಗಳ ಗಂಡ ಹೆಂಡಿರು ಗಿಳಿಗಳ ಹಾಗೆ ಮುದ್ದಾಡಿಕೊಂಡಿದ್ದಾರೆ ಎಂದು ಇದರ ಅರ್ಥ. ನನ್ನ ಹೆಂಡತಿಯನ್ನು ಕೇಳಿ ನೋಡಿ.

ಈಚೆಗೆ ಭಾವನ ಬೆರಳು ಬಿಗಿದುಕೊಂಡಿವೆ. ಬಾಲ್‌ಪೆನ್ನನ್ನು ಒತ್ತಿ ಬರೆಯಲು ಆಗುವುದಿಲ್ಲ. ಫೌಂಟನ್ ಪೆನ್ನಾದರೆ ಒತ್ತಬೇಕಿಲ್ಲ, ಮುಷ್ಟಿಯಲ್ಲಿ ಹಿಡಿದು ಎಳೆದರೂ ಅಕ್ಷರ ದುಂಡಗೇ ಬರುತ್ತದೆ. ಹೀಗಿರುವಾಗ ಅವರ ಸ್ವಂತ ಮೊಮ್ಮಗಳ ಮದುವೆ ಕೂಡಿಬಂತು. ಗಂಡಿನ ಚಿಕ್ಕಪ್ಪ ಮೈಸೂರಿನವರು, ಬಹಳ ಮುಂದಾಲೋಚನೆಯವರು. ಭಾವನ ಬೆರಳು ನೋಡಿ, ಪಾಪ, ತಾತನವರಿಗೆ ಯಾಕೆ ತೊಂದರೆ, ಕಂಪ್ಯೂಟರಿನಲ್ಲಿ ಹೊಡೆಸಿ ತಂದುಬಿಡೋಣ ಅಂದರಂತೆ. ಭಾವ ಅವರನ್ನು ಕಾಫಿ ಕೊಟ್ಟು ಕಳಿಸಿದರು. ಮನೆಯೊಳಗೆ ಬಂದು, ನನ್ನ ಕೈಯಲ್ಲಿ ಆಗದಿದ್ದರೆ ಇನ್ನು ಮೇಲೆ ಯಾರ ಪತ್ರಿಕೆಯನ್ನೂ ಬರೆಯುವುದಿಲ್ಲ, ನಿಶ್ಚಿತಾರ್ಥದ ದಿನ ಹಜಾರಕ್ಕೂ ಬರುವುದಿಲ್ಲ ಎಂದುಬಿಟ್ಟರು.

ಇದೆಲ್ಲ ನನಗೆ ಗೊತ್ತಾಗಿದ್ದು ಅಕ್ಕನ ಫೋನಿನಿಂದ.

“ಲೇ, ನಿಮ್ ಬಾವ ದಿನಾ ಬರ್ದು ಬರ್ದು ನೋಡ್ತಾವ್ರೆ ಕಣ್ಲಾ. ಎಲ್ಡನೇದು ಅರ್ದಕ್ಕೆ ಬರೋವೊತ್ಗೆ ಪೆನ್ನು ನಿಂತೋಯ್ತದೆ. ಮೊಕ ಇಷ್ಟಾಗದೆ. ನೀನೇನೋ ಪೆನ್ನಿಗೆ ಹೊಟ್ಟೆ ಮಾಡ್ತೀಯಂತಲ್ಲ, ಒಂದು ಮಾಡ್ಕೊಡು.”

“ಅವರೇ ಕೇಳ್ಲಿ ಅಕ್ಕ, ಮಾಡ್ಕೊಡ್ತೀನಿ.”

“ಅವರು ಕೇಳ್ತಾರಾ? ಪಕ್ಕದಲ್ಲೇ ಕುಂತವ್ರೆ. ಕಿವಿ ಇಲ್ಲದೋರಂಗೆ ಗೋಡೆ ನೋಡ್ತಾವ್ರೆ.”

ಕಪಿಲೆ ನಮ್ಮೂರು ದಾಟಿಯೇ ಅವರೂರಿಗೆ ಹೋಗಿ ಕಾವೇರಿ ಸೇರುವುದು. ನೀರಾಗಲಿ ಇಂಕಾಗಲಿ, ನರಸೀಪುರಕ್ಕೆ ಇಳಿಯಬೇಕಾದರೆ ನಂಜನಗೂಡಿನಿಂದಲೇ ಇಳಿಯಬೇಕು. ಈ ಮಾತನ್ನು ಗೋಡೆ ನೋಡುತ್ತಿದ್ದವರಿಗೂ ಕೇಳುವಷ್ಟು ಜೋರಾಗಿ ಫೋನಿನಲ್ಲಿ ಹೇಳಿಯೇ ಒಪ್ಪಿಕೊಂಡೆ.

ನನ್ನಲ್ಲಿದ್ದ ಪೆನ್ನುಗಳಲ್ಲಿ ಒಳಗಿನ ಇಂಕು ಹೊರಗೆ ಕಾಣುವಂಥ, ದಪ್ಪ ಒಡಲಿನದೊಂದನ್ನು ಆರಿಸಿದೆ. ರಿಂಗು ಬದಲಿಸಿದೆ, ಗ್ರೀಸು ಸವರಿದೆ, ಕಂಠಪೂರ್ತಿ ತುಂಬಿಸಿ, ನಿಬ್ಬು ಕೆಳಗೆ ಮಾಡಿ ಹಳೇ ಬಟ್ಟೆಯ ಮೇಲೆ ನಿಲ್ಲಿಸಿ ಪರೀಕ್ಷೆ ಮಾಡಿದೆ. ಒಂದು ಚುಕ್ಕೆಯೂ ಇಳಿಯಲಿಲ್ಲ. ರಸಬಾಳೆ ಹಣ್ಣಿನ ಚಿಪ್ಪಿನ ಜೊತೆ ಅದನ್ನು ತೆಗೆದುಕೊಂಡು ಬಸ್ಸು ಹತ್ತಿದೆ.

ಭಾವ ಹಣ್ಣನ್ನು ಮೊದಲು ನೋಡಿದರು. ಪೆನ್ನನ್ನು ಆಮೇಲೆ, ಬೆಳಕಿಗೆ ಹಿಡಿದು, ಮೂಗಿನ ತುದಿಯಲ್ಲಿ ನೋಡಿದರು.

“ಇದೇನ್ಲಾ ಬಾಮೈದ, ಪೆನ್ನೋ ಗ್ಲೂಕೋಸ್ ಬಾಟ್ಲೋ?”

ನಾನು ಸಮಾಧಾನವಾಗಿಯೇ ವಿವರಿಸಿದೆ. ಎರಡಲ್ಲ, ಇಪ್ಪತ್ತು ಲಗ್ನಪತ್ರಿಕೆ ಬರೆದರೂ ನಿಲ್ಲುವುದಿಲ್ಲ. ಆದರೆ ಆ ದಿನದವರೆಗೂ ಮುಟ್ಟಬೇಡಿ, ಮುಟ್ಟಿದರೆ ನನ್ನನ್ನು ಕರೆಸಿ ಮತ್ತೆ ತುಂಬಿಸಿಕೊಳ್ಳಿ, ಅರ್ಧಕ್ಕೆ ಇಳಿದರೆ ಕಕ್ಕುತ್ತದೆ. ನಾನು ಹೇಳುತ್ತಿರುವಾಗ ಭಾವ ಬಾಳೆಹಣ್ಣು ಸುಲಿಯುತ್ತಿದ್ದರು. ನನ್ನ ಮಾತು ಕೇಳದಿರುವುದು ಅವರಿಗೆ ಮದುವೆಯಾದಾಗಿನಿಂದ ಬಂದ ಅಭ್ಯಾಸ. ಕೊನೆಗೆ, ನೋಡೋಣ ಬಿಡು, ಪೆನ್ನಲ್ಲೇನದೆ, ಕೈಯಲ್ಲಿರಬೇಕು ಅಂದರು.

ನಿಶ್ಚಿತಾರ್ಥದ ದಿನ ಅಕ್ಕನ ಮನೆಯ ಹಜಾರ ತುಂಬಿತ್ತು. ನಾನು ಹೊಸ ಬಿಳಿ ಅಂಗಿ ಹಾಕಿಕೊಂಡು, ಯಾವುದಕ್ಕೂ ಇರಲಿ ಎಂದು ಇಂಕಿನ ಬಾಟಲಿ, ಸಿರಿಂಜು ಎರಡನ್ನೂ ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ಪೆನ್ನು ಒಮ್ಮೆ ಕೊಡಿ ಭಾವ, ನೋಡುತ್ತೇನೆ ಅಂದೆ. ಅವರು ಅದನ್ನು ಒಳಜೇಬಿನಲ್ಲಿ ಇಟ್ಟುಕೊಂಡು ಮೇಲಿನಿಂದ ಕೈಯಲ್ಲಿ ಮುಚ್ಚಿಕೊಂಡರು. ಗಂಡಿನ ಚಿಕ್ಕಪ್ಪ ಲ್ಯಾಪ್‌ಟಾಪಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಯಾವುದಕ್ಕೂ ಇರಲಿ ಎಂದು ಅವರೂ ಎರಡು ಪ್ರತಿ ಹೊಡೆಸಿ ತಂದಿದ್ದಾರೆಂದು ಅಕ್ಕ ಅಡುಗೆಮನೆಯಲ್ಲೇ ಹೇಳಿದ್ದಳು. ಅರಿಶಿನ ಹಚ್ಚಿದ ಹಾಳೆ ಹಾರಬಾರದೆಂದು ಫ್ಯಾನು ನಿಲ್ಲಿಸಿದರು. ಬೇಸಿಗೆ. ಅಷ್ಟು ಜನರ ಉಸಿರು, ಗಂಧದಕಡ್ಡಿಯ ಹೊಗೆ. ನಾನು ಭಾವನ ಪಕ್ಕಕ್ಕೇ ಜಾಗ ಮಾಡಿಕೊಂಡು ಕೂತೆ.

ಅಯ್ಯನವರು ಶುರು ಮಾಡಿದರು. ಭಾವ ಪೆನ್ನು ತೆಗೆದು, ಮುಷ್ಟಿಯಲ್ಲಿ ಹಿಡಿದು, ‘ಶ್ರೀ’ ಬರೆದರು. ಆಗ ನಾನು ಪೆನ್ನಿನ ಒಡಲು ನೋಡಿದೆ.

ಇಂಕು ಅರ್ಧಕ್ಕಿಂತ ಕೆಳಗಿತ್ತು.

ಅಕ್ಕನ ಕಡೆ ನೋಡಿದೆ. ಅವಳು ಕಣ್ಣು ತಗ್ಗಿಸಿದಳು. ಭಾವ ದಿನವೂ ಬಾಗಿಲು ಹಾಕಿಕೊಂಡು ಆ ಪೆನ್ನಿನಲ್ಲೇ ಬರೆದು ಪಳಗಿಸಿಕೊಂಡಿದ್ದರೆಂದು ಆಮೇಲೆ ಹೇಳಿದಳು. ತುಂಬಿಸಲು ನನ್ನನ್ನು ಕರೆಯಬೇಕಾಗುತ್ತದಲ್ಲ, ಅದಕ್ಕಿಂತ ಖಾಲಿಯೇ ವಾಸಿ ಅನ್ನಿಸಿರಬೇಕು. ಈಗ ‘ಶ್ರೀ’ ಬಿದ್ದಾಗಿತ್ತು. ಚೀಲದಲ್ಲಿ ಬಾಟಲಿ ಇದ್ದೂ ನಾನು ಕೈಕಟ್ಟಿ ಕೂರಬೇಕಾಯಿತು.

ಮೊದಲನೇ ಪ್ರತಿ ದೇವರು ನಡೆಸಿದ. ಅಕ್ಷರ ಹೇಗಿತ್ತೆಂದರೆ, ನಾನೇ ಹೊಗಳಿಬಿಡಬಹುದಾಗಿತ್ತು, ಸದ್ಯ ಬಾಯಿ ಒಣಗಿತ್ತು. ಗಂಡಿನ ಚಿಕ್ಕಪ್ಪ ಬಗ್ಗಿ ನೋಡಿ, ಪರವಾಗಿಲ್ಲವಲ್ಲ ಅಂದರು. ಭಾವ ಎರಡನೆಯದಕ್ಕೆ ಕೈಯಿಟ್ಟರು. ಹೆಣ್ಣಿನ ಹೆಸರು ಬರೆಯುವಾಗ ಅಕ್ಷರ ತುಸು ದಪ್ಪವಾಯಿತು. ಗಂಡಿನ ಹೆಸರಿನಲ್ಲಿ ಇನ್ನೂ ದಪ್ಪವಾಗಿ, ಒದ್ದೆ ಒದ್ದೆಯಾಗಿ ಹೊಳೆಯಿತು. ಈ ವಿದ್ಯೆ ಬಲ್ಲವರಿಗೆ ಇದು ಸಿಡಿಲಿನ ಮುಂಚಿನ ಮಿಂಚು.

ಮುಹೂರ್ತದ ಸಾಲು ಬಂತು. ಅಯ್ಯನವರು ಪಂಚಾಂಗದಲ್ಲಿ ಬೆರಳಿಟ್ಟು ಹುಡುಕತೊಡಗಿದರು. ಭಾವ ಪೆನ್ನನ್ನು ಹಾಳೆಯ ಮೇಲೆ, ಸರಿಯಾಗಿ ಮೊಮ್ಮಗಳ ಹೆಸರಿನ ಮೇಲೆ, ಗಾಳಿಯಲ್ಲಿ ಹಿಡಿದು ಕಾದರು. ಬಿಗಿಮುಷ್ಟಿ. ಹಣೆಯಿಂದ ಬೆವರು. ನಿಬ್ಬಿನ ತುದಿಯಲ್ಲಿ ನೀಲಿ ಮಣಿಯೊಂದು ಮೂಡಿತು. ಕಡಲೆಕಾಳಿನಷ್ಟಾಯಿತು. ಭಾವನೂ ಅದನ್ನು ನೋಡಿದರು. ಪೆನ್ನನ್ನು ಸರಿಸಲು ಹೋದರೆ ಬಿಗಿದ ಬೆರಳು ಮಾತು ಕೇಳಲಿಲ್ಲ. ಚಿಕ್ಕಪ್ಪನ ಕೈ ಲ್ಯಾಪ್‌ಟಾಪ್ ಚೀಲದ ಜಿಪ್ಪಿನ ಮೇಲಿತ್ತು.

ನಾನು ತಾಂಬೂಲದ ತಟ್ಟೆ ಎಳೆದುಕೊಳ್ಳುವವನಂತೆ ಮುಂದಕ್ಕೆ ಬಾಗಿ ನನ್ನ ತೋಳನ್ನು ಪೆನ್ನಿನ ಕೆಳಗೆ ತೂರಿಸಿದೆ. ಹೊಸ ಅಂಗಿಯ ತೋಳಿನ ಮೇಲೆ ಹನಿ ಬಿತ್ತು. ಹನಿಯಲ್ಲ, ಅರ್ಧ ಕಪಿಲೆ. ಮೊಳಕೈಯಿಂದ ಮಣಿಕಟ್ಟಿನವರೆಗೆ ಹರಿಯಿತು.

ಹಜಾರವೆಲ್ಲ ನಕ್ಕಿತು. ನನ್ನನ್ನು ಬಲ್ಲವರು ಅಲ್ಲಿ ಬಹಳ ಜನ ಇದ್ದರು, ನಾನೇ ಪೆನ್ನು ತಟ್ಟಿ ಆಟ ಆಡಿದ್ದು ಎಂಬುದರಲ್ಲಿ ಯಾರಿಗೂ ಅನುಮಾನವೇ ಇರಲಿಲ್ಲ. ಅಕ್ಕ ಎಲ್ಲರ ಎದುರೇ ಶುರು ಮಾಡಿದಳು.

“ಏನ್ಲಾ ನಿಂದು, ತಲೆ ಬೆಳ್ಳಗಾದ್ರೂ ಬುದ್ದಿ ಬರ್ಲಿಲ್ವಲ್ಲ? ಪತ್ರಿಕೆ ಮೇಲೆ ಬಿದ್ದಿದ್ರೆ ಏನ್ಲಾ ಗತಿ?”

ತಪ್ಪಾಯ್ತಕ್ಕ ಅಂದೆ. ಜೀವಮಾನದಲ್ಲಿ ಮಾಡಿದ ಚೇಷ್ಟೆಗಳಿಗೆಲ್ಲ ಸಿಗದೇ ಉಳಿದಿದ್ದ ಬೈಗುಳವನ್ನು, ಮಾಡದ ಚೇಷ್ಟೆಗೆ ಬಡ್ಡಿ ಸಮೇತ ತಿಂದೆ. ಕಕ್ಕಿಕೊಂಡ ಮೇಲೆ ಪೆನ್ನು ಹಗುರಾಗಿ ಮತ್ತೆ ಸಾಧುವಾಯಿತು. ಅಯ್ಯನವರಿಗೆ ಮುಹೂರ್ತ ಸಿಕ್ಕಿತು. ಭಾವ ಯಾರ ಮುಖವನ್ನೂ ನೋಡದೆ ಕೊನೆಯ ಸಾಲು ಮುಗಿಸಿ, ‘ಶುಭಂ’ ಬರೆದು, ಕೆಳಗೊಂದು ಬಳ್ಳಿಯನ್ನೂ ಎಳೆದರು. ಮೊದಲ ಪ್ರತಿಗೆ ಬಳ್ಳಿ ಇರಲಿಲ್ಲ. ಚಿಕ್ಕಪ್ಪ ಜಿಪ್ಪಿನಿಂದ ಕೈ ತೆಗೆದು ಅಕ್ಷತೆ ತೆಗೆದುಕೊಂಡರು.

ಊಟದ ಹೊತ್ತಿಗೆ ಭಾವನ ಅಕ್ಷರ ಇಡೀ ಪಂಕ್ತಿಯಲ್ಲಿ ಬಡಿಸಲ್ಪಟ್ಟಿತು, ಪಾಯಸಕ್ಕಿಂತ ಮೊದಲು. ಪೆನ್ನಿನ ಮಾತು ಬಂದಾಗ, ಅದೇನೋ ಒಂದು ಲೊಡ್ಡು ಪೆನ್ನು, ನಾನಾಗಿದ್ದಕ್ಕೆ ಬರೆದೆ ಅಂದರು. ನನ್ನ ತೋಳು ನೋಡಿದವರೆಲ್ಲ ಇನ್ನೊಂದು ಸಲ ನಕ್ಕರು. ನಾನೂ ನಕ್ಕೆ. ಎಲೆಯಲ್ಲಿ ಹೋಳಿಗೆ ಇದ್ದಾಗ ನಾನು ವಾದ ಮಾಡುವುದಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿಗೆ ಭಾವನೇ ಬಿಡಲು ಬಂದರು. ಇಷ್ಟು ವರ್ಷದಲ್ಲಿ ಎಂದೂ ಬಂದವರಲ್ಲ. ನಂಜನಗೂಡಿನ ಬಸ್ಸು ನಿಂತಿತ್ತು. ಅವರು ಸ್ವಲ್ಪ ಹೊತ್ತು ನನ್ನ ತೋಳನ್ನೇ ನೋಡಿದರು.

“ಅರ್ದಾದ್ರೆ ಕಕ್ತದೆ ಅಂತ ಮೊದ್ಲೇ ಯೋಳಕ್ಕೇನಾಗಿತ್ಲಾ ನಿಂಗೆ?”

“ಯೋಳಿದ್ದೆ ಬಾವ. ನೀವು ಬಾಳೆಹಣ್ಣು ತಿಂತಿದ್ರಿ.”

ಅವರು ಅತ್ತ ಕಡೆ ತಿರುಗಿ, ಒಳಜೇಬಿನಿಂದ ಪೆನ್ನು ತೆಗೆದು, ನನ್ನ ಮುಖ ನೋಡದೆಯೇ ಚಾಚಿದರು.

“ತುಂಬ್ಸು. ಮುಂದಿನ ತಿಂಗ್ಳು ತಲಕಾಡ್ನೋರ್ದು ಒಂದು ಬರ್ಯೋದದೆ.”

ಜೀವನದಲ್ಲಿ ಮೊದಲ ಸಲ ಭಾವ ನನ್ನನ್ನು ಬಾಯಿಬಿಟ್ಟು ಏನಾದರೂ ಕೇಳಿದ್ದರು. ಬಸ್ಸಿನ ಮೆಟ್ಟಿಲ ಮೇಲೆ ಕೂತು, ಚೀಲದಿಂದ ಬಾಟಲಿ, ಸಿರಿಂಜು ತೆಗೆದು ತುಂಬಿಸಿದೆ. ಭಾವ ಬೆಳಕಿಗೆ ಹಿಡಿದು, ಇಷ್ಟೇನಾ ಅಂದರು. ಬಾಟಲಿಯಲ್ಲಿ ಇದ್ದದ್ದೇ ಇಷ್ಟು ಭಾವ, ಉಳಿದದ್ದು ಆಮೇಲೆ ಅಂದು ಬಾಟಲಿಯನ್ನು ಚೀಲಕ್ಕೆ ಸೇರಿಸಿದೆ. ಅದು ಕುಲುಕಿದಾಗ ಚೆನ್ನಾಗಿಯೇ ಸದ್ದು ಮಾಡಿತು, ಪುಣ್ಯಕ್ಕೆ ಡ್ರೈವರ್ ಆಗಲೇ ಬಸ್ ಸ್ಟಾರ್ಟ್ ಮಾಡಿದ್ದ.

ಭಾವ ಅರ್ಧ ತುಂಬಿದ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, ಬಿಸಿಲಿನಲ್ಲಿ ಮನೆಯ ಕಡೆ ಬಿರಬಿರನೆ ಹೆಜ್ಜೆ ಹಾಕಿದರು. ಅವರ ಅಂಗಿಯೂ ಹೊಸದೇ, ನನ್ನದಕ್ಕಿಂತ ಬಿಳಿ.