ಹಳೇ ಫೋನಿನಲ್ಲಿ ಉಳಿದುಹೋಗಿದ್ದ ನಾನು

ನನ್ನ ತಂಗಿ ಗಂಡನ ಮನೆ ಬಿಟ್ಟು ಬಂದ ದಿನ ಅವಳ ಹತ್ತಿರ ಇದ್ದದ್ದು ಒಂದು ಬಟ್ಟೆಬ್ಯಾಗು, ಸೆರಗಿನ ತುದಿಗೆ ಗಂಟು ಹಾಕಿಕೊಂಡ ಒಂದು ಸಿಮ್ಮು, ಅಷ್ಟೆ. ಸಾಲಿಗ್ರಾಮದ ಕಡೆಯಿಂದ ಬಸ್ಸು ಬದಲಿಸಿಕೊಂಡು ಗುರುಪುರದ ಹತ್ತಿರದ ನಮ್ಮ ಹಳ್ಳಿಗೆ ಬಂದವಳು ನೆಟ್ಟಗೆ ಅಂಗನವಾಡಿ ಬಾಗಿಲಿಗೆ ಬಂದು ನಿಂತಳು. ನಾನು ಅಲ್ಲಿ ಟೀಚರು. ಮಕ್ಕಳಿಗೆ ಮೊಟ್ಟೆ ಸುಲಿದು ಕೊಡುತ್ತಿದ್ದೆ. ಅವಳ ಕತ್ತಿನ ಮೇಲೆ ಬೆರಳಿನ ಗುರುತು ಕಂಡು ನನ್ನ ಕೈಯಲ್ಲಿದ್ದ ಮೊಟ್ಟೆ ಕೈಯಲ್ಲೇ ಉಳಿಯಿತು.

“ಫೋನೆಲ್ಲೇ?” ಅಂದೆ.

“ಅಲ್ಲೇ ಬುಟ್‌ಬಂದೆ ಕಣಕ್ಕ. ಫೋನಿದ್ರೆ ಕಂಡ್‌ಹಿಡೀತಾನೆ. ಸಿಮ್ ಮಾತ್ರ ಕಿತ್ಕೊಂಡ್ ಬಂದಿವ್ನಿ.”

“ಒಳ್ಳೇ ಕೆಲ್ಸ ಮಾಡ್ದೆ ಬುಡು,” ಅಂದೆ. ಮಹಾ ಬುದ್ಧಿವಂತೆ ನಾನು!

ಆ ಫೋನು ಮೊದಲು ನನ್ನದೇ. ಹೋದ ಯುಗಾದಿಗೆ ನಾನು ಹೊಸದು ತಗೊಂಡಾಗ ಹಳೆಯದನ್ನು ಅವಳಿಗೆ ಕೊಟ್ಟಿದ್ದೆ. ನಮ್ಮ ಕಡೆ ಅಕ್ಕನ ಸೀರೆ ತಂಗಿಗೆ ಹೋಗುವ ಹಾಗೆ ಫೋನೂ ಹೋಗುತ್ತದೆ. ಕೊಡುವಾಗ ಸಿಮ್ ತೆಗೆದುಕೊಂಡರೆ ಮುಗಿಯಿತು, ಸಿಮ್ ಇಲ್ಲದ ಫೋನು ಬರೀ ಡಬ್ಬ ಅನ್ನುವುದು ಊರಿನವರ ಲೆಕ್ಕಾಚಾರ. ನನ್ನದೂ ಅದೇ. ಊರಿನ ಹೆಂಗಸರಿಗೆಲ್ಲ ಫೋನ್ ಪಾಠ ಮಾಡುತ್ತಿದ್ದವಳು ನಾನು. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಅಂತ ನಮ್ಮಮ್ಮ ನನ್ನನ್ನು ಸುಮ್ಮನೆ ಬೈಯುತ್ತಿರಲಿಲ್ಲ.

ಅವಳನ್ನು ಹಿಂದೆ ಒಮ್ಮೆ ಊರ ಹಿರಿಯರು ರಾಜಿ ಮಾಡಿಸಿ ವಾಪಸ್ಸು ಕಳಿಸಿದ್ದರು. ಈ ಸಲ ಗಂಡ ಅವಳ ಕತ್ತು ಹಿಡಿದು, “ಎಲ್ಲೇ ಹೋದ್ರೂ ಹುಡ್ಕಿ ಮುಗುಸ್ತೀನಿ” ಅಂದಿದ್ದನಂತೆ. ಹೇಳುವಾಗ ಅವಳು ಅಳಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಅವಳು ನಮ್ಮ ಮನೆಯಲ್ಲಿರುವುದು ಯಾರಿಗೂ ತಿಳಿಯಬಾರದು ಎಂದು ನನ್ನ ಯಜಮಾನರಿಗೆ ಹೇಳಿದೆ. ಹೊಗೆಸೊಪ್ಪು ಬೇಯಿಸುವ ದಿನಗಳು, ಅವರು ಸೊಪ್ಪು ಹದ ಮಾಡುವ ಬ್ಯಾರನ್ನಿನ ಬೆಂಕಿ ಬಿಟ್ಟು ಈಚೆಗೆ ಬರುತ್ತಿರಲಿಲ್ಲ. “ಕಿಟಕಿ ಹಾಕ್ಕೊಂಡಿರಿ” ಅಂದರು.

ಅವತ್ತು ಅವಳಿಗೆ ನನ್ನ ಹಸಿರು ಸೀರೆ ಉಡಿಸಿ, ಬಸ್ಸಾರು ಮುದ್ದೆ ಇಟ್ಟೆ. ಎರಡು ದಿನದಿಂದ ಏನೂ ತಿಂದಿರದವಳು ತಟ್ಟೆ ಮುಂದೆ ಕೂತಾಗ ನನ್ನ ಹೊಟ್ಟೆ ತಣ್ಣಗಾಯಿತು. ಅರ್ಧ ಮುದ್ದೆ ಮುಗಿಯುವ ಹೊತ್ತಿಗೆ ಒಂದು ಫೋಟೋ ತೆಗೆದೆ. ಯಾಕೆ ತೆಗೆದೆ ಅಂತ ಯಾರಾದರೂ ಕೇಳಿದರೆ ಏನು ಹೇಳಲಿ? ನಮ್ಮ ಕೆಲಸವೇ ಹಾಗೆ. ಮಗುವನ್ನು ತಕ್ಕಡಿಗೆ ಇಟ್ಟರೆ ಫೋಟೋ, ಮೊಟ್ಟೆ ಕೊಟ್ಟರೆ ಫೋಟೋ, ಬಾಣಂತಿ ಮನೆಗೆ ಹೋದರೆ ಬಾಗಿಲಲ್ಲಿ ನಿಂತು ಫೋಟೋ. ಫೋಟೋ ಇಲ್ಲದಿದ್ದರೆ ಮಾಡಿದ ಕೆಲಸ ಮಾಡಿದ್ದಲ್ಲ. ವರ್ಷಾನುಗಟ್ಟಲೆ ಹೀಗೆ ಮಾಡಿ ಮಾಡಿ ಕೈ ತನ್ನಷ್ಟಕ್ಕೇ ಮೇಲೆ ಹೋಗುತ್ತದೆ.

ಮಾರನೆಯ ದಿನ ಸಂಜೆ ಅವಳ ಗಂಡನ ಫೋನು ಬಂತು. ಸಿಟ್ಟಿನ ದನಿಯೇ ಅಲ್ಲ, ಹಬ್ಬಕ್ಕೆ ಕರೆಯುವವರ ದನಿ.

“ಏನಕ್ಕ, ಬಸ್ಸಾರು ಚೆನ್ನಾಗಿತ್ತಾ?”

ಫೋನು ಹಿಡಿದುಕೊಂಡೇ ಕಿಟಕಿ ಹಾಕಿದೆಯೋ ಎಂದು ನೋಡಿದೆ.

“ಮುದ್ದೆ ಅರ್ಧಕ್ಕೇ ಬುಟ್‌ಬುಟ್ಟವ್ಳಲ್ಲ ನಿಮ್ ತಂಗಿ. ಹಸಿರು ಸೀರೆ ನಿಮ್ದೇ ಅಲ್ವಾ? ಒಪ್ತದೆ ಅವ್ಳಿಗೆ.” ಇಷ್ಟು ಹೇಳಿ ಇಟ್ಟ.

ಎದ್ದು ಹೋಗಿ ಹಿತ್ತಿಲ ಬಾಗಿಲು ನೋಡಿದೆ, ಹಂಚಿನ ಸಂದು ನೋಡಿದೆ, ಅಟ್ಟದ ಮೇಲೂ ಹತ್ತಿ ನೋಡಿದೆ. ಆಮೇಲೆ ನೆನಪಾಯಿತು: ತಂಗಿ ಊಟಕ್ಕೆ ಕೂತಿದ್ದಾಗ ಪಕ್ಕದ ಮನೆಯವಳು ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದಿದ್ದಳು. ಇನ್ನು ಕೇಳಬೇಕೇ! ಬೆಳಿಗ್ಗೆ ನಲ್ಲಿ ಹತ್ತಿರ ಹತ್ತು ಜನರ ಎದುರಿಗೆ ಅವಳನ್ನು ಹಿಡಿದುಕೊಂಡೆ. ಎಷ್ಟು ಕೊಟ್ಟ ನಿನಗೆ ಅವನು ಅಂದೆ. ಇನ್ನೂ ಏನೇನೋ ಅಂದೆ, ಬರೆಯುವಂಥದ್ದಲ್ಲ. ಅವಳು ಬಿಂದಿಗೆ ಅಲ್ಲೇ ಬಿಟ್ಟು, “ನಿನ್ ಬಾಯ್ಗೆ ಹುಳ ಬೀಳ, ನಿನ್ ಮನೆ ಸುದ್ದಿ ಕಟ್ಕೊಂಡ್ ನಂಗೇನಾಗ್ಬೇಕು!” ಅಂತ ಅಳುತ್ತ ಹೋದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ. ಇವತ್ತಿಗೂ ಅವಳು ನನ್ನ ಹತ್ತಿರ ಮಾತಾಡುವುದಿಲ್ಲ.

ಇನ್ನು ಇಲ್ಲಿ ಇಟ್ಟುಕೊಳ್ಳುವುದು ಬೇಡ ಎಂದು ಫೋನಿನಲ್ಲಿ ಬಸ್ಸಿನ ಹೊತ್ತು ಹುಡುಕಿ, ತಂಗಿಯನ್ನು ಹ್ಯಾಂಡ್‌ಪೋಸ್ಟ್ ಅನ್ನುವ ಊರಿಗೆ ಕರೆದುಕೊಂಡು ಹೋದೆ. ಅಲ್ಲಿ ನನ್ನ ಜೊತೆ ಓದಿದವಳೊಬ್ಬಳು ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ, ಹಿಂದೆ ಒಂದು ರೂಮು ಇದೆ. ಯಜಮಾನರಿಗೂ ಊರಿನ ಹೆಸರು ಹೇಳಲಿಲ್ಲ. ತಂಗಿ ಬಾಯಿಗೆ ಸೆರಗು ಮುಚ್ಚಿಕೊಂಡು ಬಸ್ಸಿನ ಒಳಬದಿ ಕೂತಳು. ಒಂದು ಬಟನ್ ಫೋನು ತಗೊಂಡು ಹೊಸ ಸಿಮ್ ಹಾಕಿಸಿಕೊಟ್ಟೆ. ಇಷ್ಟೆಲ್ಲ ಹುಷಾರಾಗಿ ಮಾಡಿ, ಹೊರಡುವಾಗ ಅಂಗಡಿಯ ಬೋರ್ಡಿನಲ್ಲಿದ್ದ ನಂಬರು ಬೇಕಾಗುತ್ತದೆ ಎಂದು ಬೋರ್ಡಿನ ಫೋಟೋ ತೆಗೆದುಕೊಂಡೆ.

ಮೂರು ದಿನ ಅವನ ಸುದ್ದಿ ಇರಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ನಾಲ್ಕನೆಯ ದಿನ ಮಕ್ಕಳು ಮನೆಗೆ ಹೋದ ಮೇಲೆ, ಮೊಟ್ಟೆಯ ಫೋಟೋಗಳನ್ನು ಮೇಲಿನ ಆಫೀಸಿಗೆ ಕಳಿಸೋಣ ಎಂದು ಫೋನು ತೆಗೆದೆ. ಮಕ್ಕಳ ಫೋಟೋಗಳ ನಡುವೆ ಒಂದು ಬೈಕಿನ ಟ್ಯಾಂಕು ಕಂಡಿತು. ಅದರ ಮೇಲೆ ಮಡಿಸಿಟ್ಟ ಟವೆಲು. ನಾನು ತೆಗೆದದ್ದಲ್ಲ. ಮುಂದಕ್ಕೆ ಸರಿಸಿದೆ. ಹ್ಯಾಂಡ್‌ಪೋಸ್ಟ್ ಸರ್ಕಲ್ಲು. ಅದೂ ನಾನು ತೆಗೆದದ್ದಲ್ಲ. ಮುಂದಿನದು ಟೈಲರಿಂಗ್ ಅಂಗಡಿ, ಎದುರಿನ ಟೀ ಅಂಗಡಿಯಿಂದ ತೆಗೆದದ್ದು. ಬಾಗಿಲೊಳಗೆ ಮಿಷನ್ನಿನ ಮೇಲೆ ಬಗ್ಗಿದ ನನ್ನ ತಂಗಿಯ ಬೆನ್ನು ಕಾಣುತ್ತಿತ್ತು. ಆರು ನಿಮಿಷದ ಹಿಂದಿನದು.

ಅಯ್ಯೋ ದೇವರೇ, ಆಗ ಹೊಳೆಯಿತು! ತಂಗಿಗೆ ಕೊಟ್ಟ ಹಳೇ ಫೋನಿನಲ್ಲಿ ನನ್ನ ಅಕೌಂಟು ಹಾಗೇ ಇದೆ. ನಾನು ತೆಗೆದ ಒಂದೊಂದು ಫೋಟೋ, ಹುಡುಕಿದ ಒಂದೊಂದು ಬಸ್ಸು ಅಲ್ಲಿಗೂ ಹೋಗುತ್ತಿದೆ. ತಂಗಿಯೇ ಒಂದು ಸಲ, “ನಿಮ್ಮಳ್ಳಿ ಮಕ್ಳನ್ನೆಲ್ಲ ದಿನಾ ನೋಡ್ತೀನಿ ಕಣಕ್ಕ, ಹೊತ್ತೋಯ್ತದೆ” ಅಂದಿದ್ದಳು. ನಾನು ಸ್ಟೇಟಸ್ ನೋಡುತ್ತಾಳೆ ಅಂದುಕೊಂಡಿದ್ದೆ. ಅವಳು ಫೋಟೋ ತೆಗೆದಿದ್ದರೆ ನನಗಾದರೂ ಮೊದಲೇ ಗೊತ್ತಾಗುತ್ತಿತ್ತು, ಆದರೆ ಯಾರಿಗೆ ಕಳಿಸೋಕೆ ಅಂತ ಕೇಳುವ ಗಂಡನ ಮುಂದೆ ಅವಳು ಒಂದೂ ತೆಗೆದಿರಲಿಲ್ಲ. ಈಗ ಅವನು ತನ್ನ ಸಿಮ್ ಹಾಕಿಕೊಂಡು ಫೋನು ತನ್ನದಾಯಿತು ಅಂದುಕೊಂಡಿದ್ದಾನೆ. ಅವನು ತೆಗೆದದ್ದೂ ನನಗೆ ಬರುತ್ತಿದೆ ಎನ್ನುವುದು ಅವನಿಗೆ ಗೊತ್ತಿಲ್ಲ.

ಟೈಲರ್ ಗೆಳತಿಗೆ ಫೋನು ಹಚ್ಚಿದೆ. “ಆಚೆ ನೋಡ್ಬೇಡ. ಎದುರ್ಗಡೆ ಟೀ ಅಂಗ್ಡೀಲಿ ಅವ್ಳ ಗಂಡ ಅವ್ನೆ. ಅವ್ಳನ್ನ ಹಿತ್ಲಿಂದ ಕಳ್ಸೇ, ಎಲ್ಗಾರಾ ಕಳ್ಸು,” ಅಂದೆ. ಅವಳು ಒಂದೂ ಪ್ರಶ್ನೆ ಕೇಳಲಿಲ್ಲ, ಪುಣ್ಯಾತ್ಗಿತ್ತಿ. “ಏ, ಒಳಗಿರೋ ಲೈನಿಂಗ್ ಬಟ್ಟೆ ತಕಂಬಾರೇ” ಎಂದು ತಂಗಿಗೆ ಗಟ್ಟಿಯಾಗಿ ಕೂಗಿದ್ದು ಫೋನಿನಲ್ಲೇ ಕೇಳಿಸಿತು.

ಅಕೌಂಟಿನ ಸೆಟ್ಟಿಂಗ್ ತೆರೆದೆ. ಎರಡು ಫೋನು ತೋರಿಸಿತು, ಒಂದು ನನ್ನದು, ಒಂದು ಅದು. ಅದರ ಕೆಳಗೆ ಸೈನ್ ಔಟ್ ಅಂತ ಇತ್ತು. ಬೆರಳು ಇಡಲು ಹೋದವಳು ನಿಲ್ಲಿಸಿದೆ. ಅವನನ್ನು ಈಗ ಆಚೆ ಹಾಕಿದರೆ ನನಗೆ ಅವನು ಕಾಣುವುದಿಲ್ಲ. ಎದ್ದನೋ, ರಸ್ತೆ ದಾಟಿದನೋ, ಹಿಂದಿನ ಬೀದಿಗೆ ಬಂದನೋ ತಿಳಿಯುವುದು ಹೇಗೆ? ಗೋಡೆಗೆ ಒರಗಿ ಮಕ್ಕಳ ಚಾಪೆಯ ಮೇಲೆ ಕೂತುಬಿಟ್ಟೆ. ಇನ್ನೊಂದು ಫೋಟೋ ಬಂತು. ಅಂಗಡಿಯ ಒಳಗಿನದು, ಬಾಗಿಲಲ್ಲೇ ನಿಂತು ತೆಗೆದದ್ದು. ಮಿಷನ್ನಿನ ಮುಂದೆ ಸ್ಟೂಲು ಖಾಲಿ. ಸೂಜಿಯ ಕೆಳಗೆ ಅರ್ಧ ಹೊಲಿದ ರವಿಕೆ ಹಾಗೇ ಇತ್ತು.

ನಾನು ಹುಡುಕಿದ್ದನ್ನೆಲ್ಲ ಓದುತ್ತಾನಲ್ಲ, ಓದಲಿ ಎಂದು ಒಂದು ಯೋಚನೆ ಬಂತು. ‘ಹ್ಯಾಂಡ್‌ಪೋಸ್ಟ್‌ನಿಂದ ಮೈಸೂರಿಗೆ ಬಸ್ಸು’ ಎಂದು ಹುಡುಕಿದೆ. ಆಮೇಲೆ ಮೈಸೂರಿನಲ್ಲಿ ಲೇಡೀಸ್ ಹಾಸ್ಟೆಲ್ಲು ಹುಡುಕಿದೆ. ಹತ್ತು ನಿಮಿಷ ಏನೂ ಇಲ್ಲ. ಆ ಹತ್ತು ನಿಮಿಷ ನನ್ನ ಶತ್ರುವಿಗೂ ಬೇಡ.

ಫೋನು ಬಂತು. ಹಿಂದೆ ಬೈಕಿನ ಸದ್ದು.

“ಮೈಸೂರ್ಗೆ ಕಳುಸ್‌ಬುಟ್ರಾ ಅಕ್ಕ?” ಅಂದ. ನಗುತ್ತಿದ್ದ.

ಅವನು ಫೋನು ಇಟ್ಟ ಕೂಡಲೇ ಸೈನ್ ಔಟ್ ಒತ್ತಿದೆ. ಪಾಸ್‌ವರ್ಡ್ ಬದಲಾಯಿಸಿದೆ. ಆಮೇಲೆ ಸಿಕ್ಕಸಿಕ್ಕ ಆಪ್‌ಗಳಿಂದೆಲ್ಲ ಆಚೆ ಬಂದೆ, ಬೇಕಾದ್ದು ಬೇಡದ್ದು ನೋಡಲಿಲ್ಲ. ಕೊನೆಗೆ ಗೆಳತಿಗೆ ಮತ್ತೆ ಫೋನು ಹಚ್ಚಿದೆ.

ಗೆಳತಿ ತಂಗಿಯನ್ನು ಹಿಂದಿನ ಬಾಗಿಲಿನಿಂದ ಯಾರದೋ ಟೊಮೆಟೊ ಗಾಡಿಗೆ ಹತ್ತಿಸಿದ್ದಳು. ಗಾಡಿ ಪಿರಿಯಾಪಟ್ಟಣದವರೆಗೆ ಹೋಗುತ್ತದೆ ಅನ್ನುವುದಷ್ಟೇ ಅವಳಿಗೂ ಗೊತ್ತಿದ್ದದ್ದು. ನಾನು ಕೊಟ್ಟ ಬಟನ್ ಫೋನು ಮಿಷನ್ನಿನ ಪಕ್ಕದಲ್ಲೇ ಉಳಿದಿತ್ತು. ಎರಡು ದಿನ ಕಳೆದು ಗೊತ್ತಿಲ್ಲದ ನಂಬರಿನಿಂದ ತಂಗಿಯ ದನಿ ಕೇಳಿತು.

“ಚೆನ್ನಾಗಿವ್ನಿ ಕಣಕ್ಕ.”

“ಎಲ್ಲಿದ್ದೀಯೇ? ಈಗ್ಲೇ ಬತ್ತೀನಿ.”

“ಯೋಳಲ್ಲ.”

ಅವನನ್ನು ಆಚೆ ಹಾಕಿದ್ದೇನೆ, ಎಲ್ಲ ಕ್ಲೀನ್ ಮಾಡಿದ್ದೇನೆ, ಇನ್ನು ಏನೂ ಕಾಣುವುದಿಲ್ಲ ಎಂದು ಒಂದೇ ಸಮ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಅವೆಲ್ಲ ನಂಗ್ ತಿಳಿಯಾಕಿಲ್ಲ. ನಿನ್ ಮ್ಯಾಗೆ ಸಿಟ್ಟಿಲ್ಲ ಕಣಕ್ಕ. ನಿಂಗ್ ಗೊತ್ತಾದ್ರೆ ಅವನ್ಗೂ ಗೊತ್ತಾಯ್ತದೆ. ಈ ನಂಬರ್‌ಗೆ ಮಾಡ್ಬೇಡ, ಇದು ನಂದಲ್ಲ.”

ಎಳವೆಯಲ್ಲಿ ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಹೀಗೆ ಅಂದಳು. ತಪ್ಪು ಅಂತ ಯಾವ ಬಾಯಲ್ಲಿ ಹೇಳಲಿ? ಆಮೇಲೆ ಅವಳು ಫೋನು ಮಾಡಿಲ್ಲ.

ಅವನು ಮಾತ್ರ ವಾರಕ್ಕೊಮ್ಮೆ ಬರುತ್ತಾನೆ. ಅಂಗನವಾಡಿ ಬಿಡುವ ಹೊತ್ತಿಗೆ ಎದುರಿನ ಕಟ್ಟೆಯ ಮೇಲೆ ಕೂತಿರುತ್ತಾನೆ. ಕೈ ಎತ್ತುವುದಿಲ್ಲ, ಕೂಗಾಡುವುದಿಲ್ಲ, ನಾನು ಬೀಗ ಹಾಕುವವರೆಗೂ ಕಾಯುತ್ತಾನೆ. “ಎಲ್ಲವ್ಳೆ ಅಕ್ಕ?” ಅನ್ನುತ್ತಾನೆ. “ಗೊತ್ತಿಲ್ಲ ಕಣಪ್ಪ,” ಅನ್ನುತ್ತೇನೆ. ಅವನು ನನ್ನ ಮುಖವನ್ನೇ ನೋಡುತ್ತಾನೆ, ನಂಬುವುದಿಲ್ಲ. ಅದು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.