ಕಮ್ಮಿ ಮಾಡೀನಿ ನೋಡ್ರಿ

ಹೋದ ವಾರ ರಾಯಚೂರಿನಲ್ಲಿ ಒಬ್ಬ ರಿಪೇರಿಯವನು ನಮ್ಮ ಹಳೆಯ ಏರ್‌ಗನ್ನನ್ನು ಬಿಚ್ಚಿದ. ಹಿಂದಿನ ತಿರುಪು ತೆಗೆದದ್ದೇ ತಡ, ಒಳಗಿಂದ ಒಂದು ವಾಸನೆ ಬಂತು. ಹೊಲಿಗೆ ಮಷಿನ್ನಿನ ಎಣ್ಣೆ, ಅದರ ಜೊತೆ ಸೀಮೆಎಣ್ಣೆ, ಮತ್ತೆ ಒದ್ದೆ ಛತ್ರಿ ಬಟ್ಟೆಯ ಕಮಟು... ಈ ಕೊನೆಯದು ಬಂದೂಕಿನೊಳಗೆ ಇರಲಿಕ್ಕಿಲ್ಲ, ನನ್ನ ತಲೆಯೊಳಗೇ ಇದ್ದಿರಬೇಕು. ಆ ಮೂರೂ ಸೇರಿದ ವಾಸನೆ ನಾನು ಕಂಡಂತೆ ಒಂದೇ ಕಡೆ ಇತ್ತು. ಗದ್ವಾಲದ ಛತ್ರಿ ಚಾಚಾನ ಅಂಗಡಿಯಲ್ಲಿ. ಹದಿನಾಲ್ಕು ವರ್ಷ ನಾನು ಸುಳ್ಳುಗಾರ ಅಂತ ತಿಳಿದುಕೊಂಡಿದ್ದ ಮನುಷ್ಯನ ಅಂಗಡಿ ಅದು.

ನಾವು ನಾರಾಯಣಪೇಟೆಯ ನೇಕಾರರು. ನಡುಮನೆಯಲ್ಲೇ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ನಮ್ಮ ಕುಣಿಮಗ್ಗ. ಮಗ್ಗಕ್ಕೆ ಉದ್ದಕ್ಕೂ ಹಾಸುವ ಎಳೆಗಳಿಗೆ ಗಂಜಿ ಹಚ್ಚಿರುತ್ತೇವೆ. ನಮಗೆ ಅದು ನೂಲು, ಇಲಿಗೆ ಅದು ಊಟ. ಆ ವರ್ಷ ಒಂದು ಮದುವೆ ಸೀರೆ ಮಗ್ಗದ ಮೇಲಿತ್ತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಹಾಸಿನಲ್ಲಿ ಅಂಗೈಯಗಲ ಎಳೆಗಳು ಕತ್ತರಿಸಿ ಬಿದ್ದಿದ್ದವು. ನಮ್ಮ ಮನೆಯವರು ಇಡೀ ದಿನ ತಲೆ ಎತ್ತದೆ ಒಂದೊಂದೇ ಎಳೆ ಹಿಡಿದು ಗಂಟು ಹಾಕಿದರು. ಪಾಷಾಣ ಇಟ್ಟಿದ್ದೆವು, ಇಲಿ ಗೋಡೆಯೊಳಗೆ ಸತ್ತು ಎಂಟು ದಿನ ನಾರಿತು. ಬೆಕ್ಕು ತಂದಿದ್ದೆವು, ಅದು ಇಲಿಯನ್ನು ಬಿಟ್ಟು ಹಾಸಿನ ಮೇಲೇ ಉಯ್ಯಾಲೆ ಆಡಿತು. ಬೋನಿಗೆ ಒಂದು ಬಿತ್ತು, ಉಳಿದವು ಅದನ್ನು ನೋಡಿ ಕಲಿತವು. ಕೊನೆಗೆ ಏರ್‌ಗನ್ ತರುವುದೆಂದು ತೀರ್ಮಾನವಾಯಿತು.

ತರುವವಳು ನಾನೇ. ಮನೆಯವರಿಗೆ ಮಗ್ಗ ಬಿಟ್ಟು ಏಳಲಾಗುತ್ತಿರಲಿಲ್ಲ. ಅದೂ ಅಲ್ಲದೆ ಚೌಕಾಸಿ ಮಾಡಲು ಅವರಿಗೆ ಬಾಯಿಯೇ ಬಾರದು. ನಮ್ಮ ಓಣಿಯಲ್ಲಿ ಆ ವಿದ್ಯೆಗೆ ನನ್ನ ಹೆಸರಿತ್ತು. ಬಾಗಿಲಲ್ಲಿ ಕೂತಿದ್ದ ಅತ್ತೆ, "ನಮ್ಮ ಸೊಸಿ ಶಿಕಾರಿಗಿ ಹೊಂಟಾಳ. ಒಲಿ ಹಚ್ಚಿ ಇಡ್ಲೇನವ್ವಾ?" ಎಂದರು. ಆರು ವರ್ಷದ ಮಗಳ ಕೈ ಹಿಡಿದುಕೊಂಡು ಮಕ್ತಲ್‌ನಲ್ಲಿ ಬಸ್ಸು ಬದಲಿಸಿ ಗದ್ವಾಲಕ್ಕೆ ಹೋದೆ.

ಚಾಚಾನ ಅಂಗಡಿ ಒಂದು ಬಾಗಿಲಿನಷ್ಟೇ ಅಗಲ. ಮಳೆಗಾಲದಲ್ಲಿ ಛತ್ರಿ, ಉಳಿದ ದಿನ ಸ್ಟೋವ್ ರಿಪೇರಿ. ಹೊಳೆಗೆ ಹೋಗುವವರಿಗೆ ಮೀನಿನ ಗಾಳವನ್ನೂ ಮಾರುತ್ತಿದ್ದರು. ಹಿಂದಿನ ಗೋಡೆಗೆ ಮೂರು ಏರ್‌ಗನ್ ನೇತಾಡುತ್ತಿದ್ದವು. ನಾನು ಹೋದೊಡನೆ ದರ ಕೇಳಿದೆ. ಅವರು ದರ ಹೇಳಲಿಲ್ಲ.

"ಯಾತಕ್ಕ ಹೊಡ್ಯಾಕ ಅಕ್ಕಾ?"

"ಇಲಿಗ್ರಿ."

"ಇಲಿ ಹಿಂದ ಏನೈತಿ?"

ಇದೆಂಥ ಪ್ರಶ್ನೆ ಅನ್ನಿಸಿತು. "ಗೋಡಿ," ಅಂದೆ.

"ಗೋಡಿ ಹಿಂದ?"

"ನಮ್ಮತ್ತೆ ಮಲಗ್ತಾರ."

ಚಾಚಾ ಕನ್ನಡಕದ ಮೇಲಿಂದ ನೋಡಿದರು. "ಹಂಗಾದ್ರ ಸಣ್ಣ ಬಂದೂಕ ಸಾಕು. ಇಲ್ಲಾ, ದೊಡ್ಡದ ಬೇಕೋ?"

ಇಬ್ಬರೂ ನಕ್ಕೆವು. ಅಂಗಡಿಯವನ ಜೊತೆ ನಗಬಾರದು, ನಕ್ಕರೆ ದರ ಇಳಿಯುವುದಿಲ್ಲ. ಗೊತ್ತಿದ್ದೂ ನಕ್ಕೆ.

ಕರಿ ಬಣ್ಣದ, ಮೇಲೆ ದುರ್ಬೀನು ಕೂರಿಸಿದ ಬಂದೂಕಿನ ಮೇಲೆ ನನ್ನ ಕಣ್ಣಿತ್ತು. "ನಡುಮನ್ಯಾಗ ದುರ್ಬೀನು ಏನ್ ಮಾಡ್ತೈತಿ? ಇಲಿ ಮೀಸಿ ಎಣಿಸ್ತೀರೇನು?" ಅಂತ ಅದನ್ನು ಬದಿಗಿಟ್ಟರು. ಎರಡನೆಯದರ ನಳಿಗೆ ಹಿಡಿದು ಕೆಳಗೆ ಮಡಚಲು ಹೇಳಿದರು. ಹಾಗೆ ಮಡಚಿದಾಗ ಒಳಗಿನ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ, ಆಮೇಲೆ ಗುಂಡು ಇಡಬೇಕು. ನಾನು ತೊಡೆಗೆ ಒತ್ತಿಕೊಂಡು, ಹಲ್ಲು ಕಚ್ಚಿ ಜಗ್ಗಿದರೂ ಅದು ಅರ್ಧಕ್ಕೇ ನಿಂತಿತು. "ನಿಮ್ಮ ಕೈಗಿ ಬಗ್ಗದ್ದು ನಿಮಗ ಬ್ಯಾಡ ಅಕ್ಕಾ. ಅರ್ಧಕ್ಕ ಕೈ ಜಾರಿದ್ರ ಬೆರಳ ಹೋಗ್ತಾವ." ಉಳಿದದ್ದು ಮೂರನೆಯದು. ಕಟ್ಟಿಗೆಯ ಹಿಡಿ, ಸಣ್ಣ ಗುಂಡಿನದು, ಲೈಸೆನ್ಸ್ ಬೇಡದ್ದು, ಎಲ್ಲಕ್ಕಿಂತ ಅಗ್ಗ. ಮಡಚಿದೆ, ಬಿಗಿಯಾಗಿತ್ತು, ಆದರೂ ಬಗ್ಗಿತು. ಆಗ ಚಾಚಾ ದರ ಹೇಳಿದರು. ಅದನ್ನು ಗೋಡೆಗೆ ಒರಗಿಸಿ, ಸೆರಗಿನ ಗಂಟಿಗೆ ಕೈ ಹಾಕಿದೆ.

ಅಷ್ಟರಲ್ಲಿ ಮಗಳು ಬಗ್ಗಿದ್ದಳು. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ನಳಿಗೆಯ ಬಾಯಿಗೇ ಹಚ್ಚಿ ಒಳಗೆ ಇಣುಕುತ್ತಿದ್ದಳು.

"ಒಳಗ ಬರೇ ಕತ್ತಲಿ ಐತವ್ವಾ."

ಚಾಚಾ ಕೂಗಲಿಲ್ಲ. ಮೆಲ್ಲಗೆ ಬಂದೂಕು ಎತ್ತಿಕೊಂಡು ಮೊಳೆಗೆ ತೂಗುಹಾಕಿದರು. ಅವರ ಮುಖದ ನಗು ಎಲ್ಲೋ ಹೋಗಿತ್ತು. "ಪಾಪು ಮನ್ಯಾಗ ಎಲ್ಲಿ ಆಡ್ತಾಳ?" ಎಂದು ಕೇಳಿದರು. "ಮಗ್ಗದ ಸುತ್ತಮುತ್ತನ, ಮತ್ತೆಲ್ಲಿ," ಅಂದೆ. ಅವರು ಸುಮ್ಮನಾದರು. ಸುಮ್ಮನಾದ ಅಂಗಡಿಯವನು ಮೆತ್ತಗಾಗಿದ್ದಾನೆ ಅಂತ ನನ್ನ ಲೆಕ್ಕ. "ಸ್ವಲ್ಪ ಕಮ್ಮಿ ಮಾಡ್ರಿ ಚಾಚಾ," ಅಂದೆ.

ಅವರು ಬಂದೂಕನ್ನು ನೋಡುತ್ತಲೇ ಹೇಳಿದರು. "ಮಾಡ್ತೀನಿ. ಇವತ್ತ ಬ್ಯಾಡ. ಸೋಮವಾರ ಬರ್ರಿ."

ಸೋಮವಾರ ಒಬ್ಬಳೇ ಹೋದೆ. ಬಂದೂಕನ್ನು ಗೋಣಿಯಲ್ಲಿ ಸುತ್ತಿ ಇಟ್ಟಿದ್ದರು. "ಕಮ್ಮಿ ಮಾಡೀನಿ ನೋಡ್ರಿ," ಅಂತ ಕೈಗೆ ಕೊಟ್ಟರು. ನಾನು ತಂದಿದ್ದ ಹಣ ಕೊಟ್ಟೆ, ಅವರು ಎಣಿಸಿ ಅಷ್ಟನ್ನೂ ಇಟ್ಟುಕೊಂಡರು. ನೋಡಿದರೆ ಮೊದಲು ಹೇಳಿದ ದರವೇ! ಒಂದು ರೂಪಾಯಿ ಇಳಿದಿರಲಿಲ್ಲ.

"ಕಮ್ಮಿ ಮಾಡೀನಿ ಅಂದ್ರೆಲ್ಲಾ ಚಾಚಾ?"

"ಹೌದಲ್ಲಾ, ಮಾಡೀನಿ."

"ಎಲ್ಲಿ ಮಾಡೀರಿ?"

"ಮನೀಗ್ ಹೋಗಿ ಹೊಡದ್ ನೋಡ್ರಿ ಅಕ್ಕಾ, ತಿಳೀತೈತಿ. ಎರಡ್ ವಾರ ಕಾಗದಕ್ಕ ಹೊಡೀರಿ, ಆಮ್ಯಾಗ ಇಲಿಗಿ. ಗುಂಡಿಲ್ದ ಖಾಲಿ ಹೊಡೀಬ್ಯಾಡ್ರಿ." ಆ ಕಡೆ ಮಕ್ತಲ್ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಹೊರಡುವಾಗ ಮೇಜಿನ ಮೇಲಿಂದ ನಾಲ್ಕು ಸುತ್ತಿನ ಒಂದು ಉಕ್ಕಿನ ಸುರುಳಿ ತೆಗೆದು ನನ್ನ ಮುಷ್ಟಿಗೆ ಹಾಕಿದರು. "ಪಾಪುಂದು ಇದು. ಆಟಕ್ಕ."

ದಾರಿಯುದ್ದಕ್ಕೂ ನನಗೆ ಸಿಟ್ಟು. ಚೌಕಾಸಿಯಲ್ಲಿ ಸೋತದ್ದಲ್ಲ, ಮುಖದ ಮುಂದೆ ನಿಂತು ಸುಳ್ಳು ಹೇಳಿದ್ದು ನನಗೆ ನಾಟಿತ್ತು.

ಸುರುಳಿ ಮಗಳ ಗೊಂಬೆಯ ಕೈಗೆ ಬಳೆಯಾಯಿತು. ಮನೆಯಲ್ಲಿ ಹಳೆ ಬಟ್ಟೆ ತುರುಕಿದ ಗೋಣಿಚೀಲಕ್ಕೆ ಕಾಗದ ಸಿಕ್ಕಿಸಿ ಹೊಡೆದು ನೋಡಿದೆವು. ಗುಂಡು ಕಾಗದ ತೂರಿ, ಚೀಲಕ್ಕೆ ಮುತ್ತು ಕೊಟ್ಟಂತೆ ತಗುಲಿ ಕೆಳಗೆ ಬೀಳುತ್ತಿತ್ತು. ಮನೆಯವರು ಬಂದೂಕನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದು ಇಲಿಗಿ ಬೈಯಾಕ ಸಾಕು, ಹೊಡ್ಯಾಕಲ್ಲ."

ಆದರೂ ಬಿಡಲಿಲ್ಲ. ಮಧ್ಯಾಹ್ನದ ಊಟಕ್ಕೆ ಮಗ್ಗದ ಸದ್ದು ನಿಂತಾಗ ಹಿತ್ತಲಲ್ಲಿ ಕಾಗದಕ್ಕೆ ಹೊಡೆಯುವುದು ನನಗೆ ಅಭ್ಯಾಸವಾಯಿತು. ಕುಂಕುಮದಿಂದ ನಡುವೆ ಒಂದು ಬೊಟ್ಟು ಇಡುತ್ತಿದ್ದೆ. ದಿನದಿನಕ್ಕೆ ತೂತುಗಳು ಬೊಟ್ಟಿನ ಹತ್ತಿರ ಬರತೊಡಗಿದವು. ಆ ಹೊತ್ತಿನಲ್ಲಿ ಸಾಲದ ಅಕ್ಕಿ, ಅತ್ತೆಯ ಮಾತು, ಏನೂ ನೆನಪಾಗುತ್ತಿರಲಿಲ್ಲ... ಇಲಿಯ ವಿಷಯ ಹೇಳಬೇಕೆಂದರೆ, ಹತ್ತಿರದಿಂದ ತಲೆಗೆ ಬಿದ್ದರೆ ಸಾಯುತ್ತಿತ್ತು. ದೂರದಿಂದ ಬಿದ್ದರೆ ಒಮ್ಮೆ ಹೊರಳಿ ಎದ್ದು, ನಮ್ಮನ್ನೇ ದಿಟ್ಟಿಸಿ ಹೋಗುತ್ತಿತ್ತು. ಮದುವೆ ಸೀರೆ ಹೇಗೋ ಉಳಿಯಿತು.

ಎರಡು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಕಿಟಕಿಯ ಮೂಲೆಯ ಕಲ್ಲಿಗೆ ಒತ್ತಿಕೊಂಡು ದೊಡ್ಡ ಇಲಿ ಕೂತಿತ್ತು. ಇಲಿ ಹಿಂದ ಏನೈತಿ ಎಂದು ಕೇಳಿಕೊಳ್ಳುವುದನ್ನು ಮರೆತೆ. ಹಿಂದೆ ಇದ್ದದ್ದು ಬರೀ ಕಲ್ಲು. ಹೊಡೆದೆ. ಇಲಿ ಓಡಿತು, ಗುಂಡು ಕಲ್ಲಿಗೆ ಟಣ್ ಅಂತ ಬಡಿದು ಸಿಡಿಯಿತು, ಪಕ್ಕದ ಹಿತ್ತಲ ಬಾಗಿಲಿಂದ ಅದೇ ಆಗ ಒಳಗೆ ಕಾಲಿಟ್ಟ ಮಗಳು ಚೀರಿದಳು. ಬಲಗಣ್ಣಿನ ಮೇಲೆ ಕೈ.

ನಾನು ನಿಂತಲ್ಲೇ ನಿಂತೆ. ಆ ಕೈ ತೆಗೆದು ನೋಡುವ ಧೈರ್ಯ ನನಗಿರಲಿಲ್ಲ. ಅತ್ತೆಯೇ ಓಡಿ ಬಂದು ಕೈ ಜಗ್ಗಿದರು. ಕಣ್ಣು ಇತ್ತು. ನೀರು ತುಂಬಿ, ಹೊಳೆಯುತ್ತ, ನನ್ನನ್ನೇ ನೋಡುತ್ತ ಇತ್ತು. ಅದರ ಕೆಳಗೆ, ಮೂಳೆಯ ಮೇಲೆ, ತೊಗರಿಬೇಳೆಯಷ್ಟು ಕೆಂಪು ಕಲೆ. ರಕ್ತ ಕೂಡ ಇರಲಿಲ್ಲ. ನಾನು ಮಗ್ಗದ ಕುಣಿಯ ಅಂಚಿನಲ್ಲೇ ಕೂತೆ. ಅತ್ತೆ ಬೈಯಲಿಲ್ಲ. "ಬಂದೂಕ ಅಟ್ಟಕ್ಕ ಹಾಕು," ಅಂದರು, ಅಷ್ಟೇ. ಇಲಿಯ ಬಿಲಗಳಿಗೆ ಗಾಜಿನ ಚೂರು, ಸಿಮೆಂಟು ಮೆತ್ತಿದೆವು. ಹಾಸನ್ನು ರಾತ್ರಿ ತಗಡಿನಿಂದ ಮುಚ್ಚಿದೆವು. ಅದನ್ನೇ ಮೊದಲು ಮಾಡಬಹುದಿತ್ತು.

ಮನೆದೇವರು ವೀರಭದ್ರನಿಗೆ ಕಾಯಿ ಒಡೆಸಿದೆ. ವೀರಭದ್ರನಿಗೆ ಕಾಯಿ ಸಿಕ್ಕಿತು, ಚಾಚಾನಿಗೆ ಮಾತ್ರ ಬೈಗುಳ. ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದದ್ದು ಒಂದೇ: ಸತ್ತ ಬಂದೂಕು ಕೊಟ್ಟ, ಕಮ್ಮಿ ಮಾಡೀನಿ ಅಂತ ಸುಳ್ಳು ಬೇರೆ ಹೇಳಿದ. ಮರು ವರ್ಷ ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಅವರೇ ನನ್ನನ್ನು ಗುರುತಿಸಿದರು. ಕಂಕುಳಲ್ಲಿ ಛತ್ರಿ ಕಡ್ಡಿಗಳ ಕಟ್ಟು. "ಅಕ್ಕಾ, ಪಾಪು ಹ್ಯಾಂಗದಾಳ?"

"ಅದಾಳ," ಅಂತ ಹೇಳಿ ಬಸ್ಸಿನ ಬೋರ್ಡು ಓದುವವಳಂತೆ ಮುಖ ತಿರುಗಿಸಿದೆ. ಅವರು ಇನ್ನೊಂದು ಗಳಿಗೆ ನಿಂತಿದ್ದರು. ಆಮೇಲೆ ಹೋದರು...

ಆ ಪಾಪುಗೆ ಈಗ ಇಪ್ಪತ್ತು. ರಾಯಚೂರಿನ ಕಾಲೇಜಿನಲ್ಲಿ ಎನ್‌ಸಿಸಿ ಸೇರಿ, ಕಾಗದಕ್ಕೆ ಗುರಿಯಿಟ್ಟು ಹೊಡೆಯುವ ಹುಚ್ಚು ಹತ್ತಿಸಿಕೊಂಡಿದ್ದಾಳೆ. ಹೊಸ ಏರ್‌ಗನ್ನಿನ ದರ ಕೇಳಿ ಬಂದವಳು ತಾನೇ ಅಟ್ಟ ಹತ್ತಿ ಹಳೆಯದನ್ನು ಇಳಿಸಿದಳು. ಹಾಗೆ ನಾವಿಬ್ಬರೂ ಆ ರಿಪೇರಿಯವನ ಮುಂದೆ ಸ್ಟೂಲಿನ ಮೇಲೆ ಕೂತಿದ್ದೆವು.

ಅವನು ಸ್ಪ್ರಿಂಗ್ ಹೊರತೆಗೆದು ಬೆಳಕಿಗೆ ಹಿಡಿದ. "ಅಮ್ಮಾರ, ಇದಕ್ಕ ಯಾರೋ ಕೈ ಹಚ್ಯಾರ."

"ಕೆಟ್ಟೈತೇನ್ರಿ?"

"ಕೆಟ್ಟಿಲ್ಲರಿ, ಕಡದಾರ. ನಾಕ್ ಸುತ್ತು ಕಡದು, ತುದಿ ಕಾಸಿ ಬಡದು, ಉಜ್ಜಿ ಸಮ ಮಾಡ್ಯಾರ. ಅವಸರದ ಕೆಲಸ ಅಲ್ಲ ಇದು. ಭಾಳ ಹೊತ್ತು ಕುಂತು ಮಾಡ್ಯಾರ."

"ಯಾಕ ಕಡೀತಾರ?"

"ಜೋರು ಕಮ್ಮಿ ಮಾಡಾಕರಿ."

ಕಮ್ಮಿ ಮಾಡಾಕ! ಆ ಮಾತು ನನ್ನ ಕಿವಿಯಲ್ಲಿ ಅವರ ದನಿಯಲ್ಲೇ ಕೇಳಿಸಿತು. ಮಗಳು ನನ್ನ ತೊಡೆಯ ಮೇಲಿದ್ದ ಬೀಗದಕೈ ಗೊಂಚಲನ್ನು ಎತ್ತಿಕೊಂಡಳು. ಕಳೆಯದಿರಲಿ ಅಂತ ಭಾರಕ್ಕೆ ನಾನು ಅದಕ್ಕೆ ದಾರದಿಂದ ಕಟ್ಟಿದ್ದ ಉಕ್ಕಿನ ಸುರುಳಿಯನ್ನು ಅವನ ಕೈಯಲ್ಲಿದ್ದ ಸ್ಪ್ರಿಂಗಿನ ತುದಿಗೆ ಹಿಡಿದಳು. ಅದೇ ದಪ್ಪ, ಅದೇ ಅಗಲ.

"ಅವ್ವಾ, ಇದು ನನ್ನ ಗೊಂಬಿ ಬಳಿ ಅಲ್ಲಾ?"

ನಾನು ಅವಳ ಬಲಗಣ್ಣನ್ನೇ ನೋಡುತ್ತಿದ್ದೆ. ಆ ಸ್ಪ್ರಿಂಗ್ ಪೂರ್ತಿ ಇದ್ದಿದ್ದರೆ... ಆ ಮಾತನ್ನು ಮುಗಿಸುವ ಅಗತ್ಯ ನನಗಿಲ್ಲ. ಎದೆಯೊಳಗೆ ಹದಿನಾಲ್ಕು ವರ್ಷದಿಂದ ಬಿಗಿದು ಕೂತಿದ್ದ ಏನೋ ಒಂದು ಸಡಿಲಾಯಿತು. ಮಗಳ ಕಣ್ಣು ಉಳಿದಿತ್ತು. ಅದನ್ನು ಉಳಿಸಿದವರು ಸುಳ್ಳುಗಾರರಾಗಿರಲಿಲ್ಲ. ನಗುವೂ ಅಳುವೂ ಒಟ್ಟಿಗೆ ಬಂದು ಸೆರಗು ಬಾಯಿಗೆ ಒತ್ತಿಕೊಂಡೆ. ಮಕ್ತಲ್‌ನಲ್ಲಿ ಅವರು ಕೇಳಿದ್ದು ಬಂದೂಕನ್ನಲ್ಲ, ಪಾಪುವನ್ನು.

"ಹೊಸಾ ಸ್ಪ್ರಿಂಗ್ ಹಾಕ್ಲೇನ್ರಿ?" ಎಂದ ರಿಪೇರಿಯವನು.

"ಬ್ಯಾಡ್ರಿ," ಅಂದಳು ಮಗಳು. "ಹತ್ತು ಮೀಟರಿಗೆ, ಕಾಗದಕ್ಕ, ಇಷ್ಟ ಸಾಕು. ಎಣ್ಣಿ ಹಾಕಿ ಕೊಡ್ರಿ."

ಅಲ್ಲಿಂದ ಮನೆಯ ಬಸ್ಸು ಹತ್ತಲಿಲ್ಲ, ಗದ್ವಾಲದ ಬಸ್ಸು ಹತ್ತಿದೆವು. ಚಾಚಾನ ಅಂಗಡಿಯಿದ್ದ ಬಾಗಿಲಲ್ಲಿ ಈಗ ಮೊಬೈಲ್ ಕವರುಗಳು ತೂಗುತ್ತಿವೆ. ಪಕ್ಕದಲ್ಲಿ ಹೂ ಮಾರುತ್ತಿದ್ದ ಮುದುಕಿಯನ್ನು ಕೇಳಿದೆ. "ಛತ್ರಿ ಚಾಚಾನಾ? ತೀರಿಹೋಗಿ ಮೂರ್ ಮಳಿಗಾಲ ಆತವ್ವಾ," ಎಂದಳು. "ಆವಾಗ ನನ್ನ ಛತ್ರಿ ಅವರ ಕೈಯಾಗನ ಇತ್ತು. ರಿಪೇರಿ ಮಾಡಿ, ನನ್ನ ಹೆಸರಿನ ಚೀಟಿ ಕಟ್ಟಿ ಇಟ್ಟಿದ್ರು."

ನಾನು ತಡವಾಗಿ ಬಂದಿದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಚಾಚಾ, ಪಾಪು ಚಲೋ ಅದಾಳ... ಬಸ್‌ಸ್ಟ್ಯಾಂಡಿನಲ್ಲಿ ಅವರು ನಿಂತ ಆ ಒಂದು ಗಳಿಗೆಯಲ್ಲಿ ಅಷ್ಟು ಹೇಳಲು ಸಮಯವಿತ್ತು.

ಸುಮ್ಮನೆ ಕೇಳಿ ಹೋಗುವುದು ಸರಿಯಲ್ಲವೆಂದು ಎರಡು ಮೊಳ ಮಲ್ಲಿಗೆ ಕೊಡು ಅಂದೆ. ಮುದುಕಿ ಅಳೆದು, ಎಲೆಯಲ್ಲಿ ಸುತ್ತಿ, ದರ ಹೇಳಿದಳು. ರೂಢಿಯಂತೆ ನನ್ನ ಬಾಯಿ ತೆರೆಯಿತು. ಮಗಳು ತಿರುಗಿ ನನ್ನ ಮುಖ ನೋಡಿದಳು.

ಹೇಳಿದಷ್ಟೇ ಕೊಟ್ಟು, ಹೂವನ್ನು ಮಗಳಿಗೆ ಮುಡಿಸಿದೆ.